ಎರರ್ ಪುಸ್ತಕದ ಪದಗಳನ್ನು ಬದಲಿಸಲು ಹೋಗಿ: ಏಳು ವಾರದ ಕೆಲಸ, ಹಂತ ಹಂತವಾಗಿ

ನಾನು ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟ್ ಮಾಡಿಕೊಡುವ ಒಂಬತ್ತು ಅಂಗಡಿಗಳ ಮಿಷನ್‌ಗಳನ್ನು ವರ್ಷಕ್ಕಿಷ್ಟು ಅಂತ ಮಾತಾಡಿಕೊಂಡು ನೋಡಿಕೊಳ್ಳುತ್ತೇನೆ. ಮದ್ದೂರಲ್ಲಿ ಎರಡು, ಪಾಂಡವಪುರದಲ್ಲಿ ಎರಡು, ಶ್ರೀರಂಗಪಟ್ಟಣದಲ್ಲಿ ಒಂದು, ಮಿಕ್ಕ ನಾಲ್ಕು ಮಂಡ್ಯದಲ್ಲೇ. ದಿನಕ್ಕೆ ಹತ್ತಾದರೂ ಫೋನ್ ಬರುತ್ತದೆ, ಅದರಲ್ಲಿ ಜಾಸ್ತಿ ಅವರೇ ಐದು ನಿಮಿಷದಲ್ಲಿ ಸರಿ ಮಾಡಿಕೊಳ್ಳಬಹುದಾದ ಎರರ್‌ಗಳು. ಅದಕ್ಕೆ ಒಂದು ಪುಸ್ತಕ ಮಾಡಿ ಅಂಗಡಿಗೊಂದು ಇಡೋಣ ಅಂತ ಬಹಳ ದಿನದಿಂದ ಆಸೆ ಇತ್ತು.

ನನ್ನ ಹತ್ತಿರ ಒಂದು ಹಳೆಯ ಕೈಪಿಡಿ ಇತ್ತು. ಯಾವುದೋ ಸಾಫ್ಟ್‌ವೇರ್ ಜೊತೆ ಬಂದದ್ದು, 46 ಪುಟ, 38 ಎರರ್‌ಗಳು, ಗಟ್ಟಿ ಕನ್ನಡದಲ್ಲಿ. ಅದನ್ನೇ ಪ್ರಿಂಟ್ ಹಾಕಿ ಹಂಚುವ ಹಾಗಿಲ್ಲ, ಬೇರೆಯವರು ಬರೆದದ್ದು. ಹಾಗಾಗಿ ಪ್ರತಿ ವಾಕ್ಯದಲ್ಲೂ ಸಮಾನಾರ್ಥಕ ಪದ ಹಾಕಿ, ಸುಲಭ ಮಾಡಿ, ನನ್ನದೇ ಪುಸ್ತಕ ಅಂತ ಕೊಡೋಣ ಅಂದುಕೊಂಡೆ. ಎರಡು ವಾರದ ಕೆಲಸ ಅಂತ ಲೆಕ್ಕ ಹಾಕಿದ್ದೆ. ಏಳು ವಾರ ಹಿಡಿಯಿತು. ಮೊದಲ ಮೂರು ವಾರದ ಕೆಲಸ ಪೂರ್ತಿ ಬಿಸಾಡಬೇಕಾಯಿತು. ಇದೇ ತರಹದ ಕೆಲಸಕ್ಕೆ ಕೈ ಹಾಕುವವರಿಗೆ ಆ ಮೂರು ವಾರದಲ್ಲಿ ಏನಾಯಿತು ಅನ್ನೋದು ಗೊತ್ತಿರಲಿ ಅಂತ ಎಲ್ಲ ಬರೆಯುತ್ತಿದ್ದೇನೆ.

ಬಳಸಿದ್ದು: ನನ್ನ ಹಳೇ ಲ್ಯಾಪ್‌ಟಾಪ್, ಲಿಬ್ರೆಆಫೀಸ್‌ನ ರೈಟರ್ (ಬರೆಯಲು) ಮತ್ತು ಕ್ಯಾಲ್ಕ್ (ಪಟ್ಟಿ, ಲೆಕ್ಕಕ್ಕೆ), ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, 200 ಪುಟದ ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು, ಮತ್ತೆ ಆಮೇಲೆ ಬೇಕಾದ ಒಂದು ಗುಜರಿ ಕಂಪ್ಯೂಟರ್.

1. ಜನವರಿ 4: ಅಕ್ಷರ ಎತ್ತಿಕೊಳ್ಳುವುದು

ಕೈಪಿಡಿ ಪಿಡಿಎಫ್‌ನಲ್ಲಿತ್ತು. ಕಾಪಿ ಮಾಡಿ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ, ಮುಕ್ಕಾಲು ಭಾಗ ಸರಿಯಾಗಿ ಬಂತು. ಒತ್ತಕ್ಷರ ಕೆಟ್ಟಿದ್ದ ಆರು ಪುಟ ಕೈಯಲ್ಲೇ ಟೈಪ್ ಮಾಡಿದೆ.

ಇಲ್ಲೇ ಮೊದಲ ಪೆಟ್ಟು. "ದೋಷ" ಅಂತ ಹುಡುಕಿದರೆ 19 ಕಡೆ ಮಾತ್ರ ಸಿಕ್ಕಿತು. ಕಣ್ಣಿಗೆ ಪುಟ ಪುಟದಲ್ಲೂ ಕಾಣುತ್ತಿದೆ, ಹುಡುಕಿದರೆ ಇಲ್ಲ. ಅರ್ಧ ದಿನ ಹೋದ ಮೇಲೆ ಗೊತ್ತಾಯಿತು. ಯೂನಿಕೋಡ್‌ನಲ್ಲಿ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ನೋಡಲು ಎರಡೂ ಒಂದೇ. ಪರಿವರ್ತಕ ತುಂಡು ತುಂಡಾಗಿ ಇಟ್ಟಿತ್ತು, ನಾನು ಟೈಪ್ ಮಾಡಿದ್ದು ಒಂದೇ ಚಿಹ್ನೆ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್, ಎನ್‌ಎಫ್‌ಸಿ ರೂಪ, ಅಂದರೆ ತುಂಡುಗಳನ್ನೆಲ್ಲ ಸೇರಿಸಿ ಒಂದೇ ಚಿಹ್ನೆ ಮಾಡುವುದು, ಒಂದೇ ಸಾಲು. ಆಮೇಲೆ 61 ಸಿಕ್ಕಿತು. ಪರಿವರ್ತಿಸಿದ ಕನ್ನಡ ಪಠ್ಯದ ಮೇಲೆ ಏನೇ ಕೆಲಸ ಮಾಡುವುದಿದ್ದರೂ ಮೊದಲು ಇದನ್ನು ಮಾಡಿಕೊಳ್ಳಿ.

2. ಜನವರಿ 10, 11: ಪದಗಳ ಪಟ್ಟಿ

ಕ್ಯಾಲ್ಕ್‌ನಲ್ಲಿ ಎರಡು ಕಾಲಂ, 112 ಸಾಲು. ಎಡಕ್ಕೆ ಕೈಪಿಡಿಯ ಪದ, ಬಲಕ್ಕೆ ನನ್ನದು. ಕಡತಕ್ಕೆ ಫೈಲ್. ದೋಷಕ್ಕೆ ತಪ್ಪು. ತೆರೆಯಿರಿ ಅನ್ನುವುದಕ್ಕೆ ತೆಗೆಯಿರಿ. ಅಳಿಸಿ ಅನ್ನುವುದಕ್ಕೂ ತೆಗೆಯಿರಿ. ಆಯ್ಕೆ ಮಾಡಿ ಅನ್ನುವುದಕ್ಕೆ ಆರಿಸಿ. ಸ್ಥಗಿತಗೊಳಿಸಿ ಅನ್ನುವುದಕ್ಕೆ ತಡೆಯಿರಿ. ಪದಕ್ಕೆ ಶಬ್ದ. ಬರೆಯುವಾಗ ಒಂದೊಂದೂ ಸರಿಯಾಗಿಯೇ ಕಂಡಿತು. ನಿಮಗೂ ಹಾಗೇ ಕಂಡಿರಬಹುದು, ಇನ್ನೊಮ್ಮೆ ಓದಿ ನೋಡಿ.

ರೈಟರ್‌ನ ಹುಡುಕಿ-ಬದಲಿಸಿ ಬಳಸಿ ಮೊದಲ ಪ್ರಯತ್ನ. ಪ್ರತ್ಯಯದಲ್ಲಿ ಸಿಕ್ಕಿಹಾಕಿಕೊಂಡೆ. ಕಡತ ಹೋಗಿ ಫೈಲ್ ಬಂದರೆ "ಕಡತವನ್ನು" ಅನ್ನೋದು "ಫೈಲ್‌ವನ್ನು" ಆಗುತ್ತದೆ, "ಕಡತಕ್ಕೆ" ಅನ್ನೋದು "ಫೈಲ್‌ಕ್ಕೆ", "ಕಡತದಲ್ಲಿ" ಅನ್ನೋದು "ಫೈಲ್‌ದಲ್ಲಿ". ಕನ್ನಡದಲ್ಲಿ ಪದ ಬದಲಾದರೆ ಬಾಲವೂ ಬದಲಾಗಬೇಕು. ಒಂದು ಕಡತಕ್ಕೇ ಹನ್ನೊಂದು ರೂಪ ಬರೆದುಕೊಂಡೆ, ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. 112 ಸಾಲಿನ ಪಟ್ಟಿ 540 ಸಾಲಾಯಿತು. ಕಡತ ಅನ್ನುವುದು ಎಷ್ಟು ಒಳ್ಳೆಯ ಪದ ಅಲ್ವಾ, ಹಿಂದೆ ಬಟ್ಟೆಗೆ ಇದ್ದಿಲು, ಹುಣಸೆಬೀಜದ ಸರಿ ಬಳಿದು ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಮಡಿಕೆ ಪುಸ್ತಕ. ಆದರೆ ಅಂಗಡಿಯಲ್ಲಿ ಯಾರೂ ಕಂಪ್ಯೂಟರ್ ಒಳಗಿನದನ್ನು ಕಡತ ಅನ್ನುವುದಿಲ್ಲ, ಫೈಲು ಅಂತಲೇ ಅನ್ನುತ್ತಾರೆ.

ಇನ್ನೊಂದು, "ವಿಂಡೋ" ಅಂತ ಇದ್ದ ಕಡೆ "ಕಿಟಕಿ" ಹಾಕಿದ್ದೆ. "ವಿಂಡೋಸ್ 10" ಅನ್ನೋದು "ಕಿಟಕಿಸ್ 10" ಆಗಿತ್ತು, 23 ಕಡೆ. ಪದದ ಒಳಗೆ ಕೈ ಹಾಕಬಾರದು, ಪೂರ್ತಿ ಪದ ಇದ್ದರೆ ಮಾತ್ರ ಬದಲಿಸಬೇಕು ಅಂತ ಪೈಥಾನ್‌ಗೆ ಹೋದೆ.

3. ಜನವರಿ 12: ಪೈಥಾನ್‌ನಲ್ಲಿ ಪದದ ಗಡಿ

ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲ್‌ನಲ್ಲಿ ಪದದ ಗಡಿ ಗುರುತಿಸುವ ಚಿಹ್ನೆ ಇದೆ, ಓರೆಗೆರೆ ಬಿ. ಅದನ್ನು ಹಾಕಿದೆ. ಅರ್ಧಕ್ಕರ್ಧ ಪದ ಬದಲಾಗಲೇ ಇಲ್ಲ. ಬದಲಾದದ್ದರಲ್ಲಿ ಕೆಲವು ವಿಚಿತ್ರ. "ಈ ದೋಷ ಪದೇ ಪದೇ ಬಂದರೆ" ಅನ್ನೋದು "ಈ ತಪ್ಪು ಶಬ್ದೇ ಶಬ್ದೇ ಬಂದರೆ" ಆಗಿತ್ತು.

ಕಾರಣ ಇದು. ಆ ಮಾಡ್ಯೂಲ್ ಕನ್ನಡದ ಕಾಗುಣಿತ ಚಿಹ್ನೆಗಳನ್ನು, ಅರ್ಧಾಕ್ಷರದ ಚಿಹ್ನೆಯನ್ನು ಅಕ್ಷರ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. "ಪದೇ" ಅನ್ನುವಲ್ಲಿ ದ ಮುಗಿದ ಕೂಡಲೇ ಪದ ಮುಗಿಯಿತು ಅಂದುಕೊಳ್ಳುತ್ತದೆ. ಹಾಗೇ "ಫೈಲ್", "ಅಳಿಸಿ" ತರಹ ಅರ್ಧಾಕ್ಷರದಲ್ಲೋ ಗುಣಿತದಲ್ಲೋ ಮುಗಿಯುವ ಪದಕ್ಕೆ ಕೊನೆಯ ಗಡಿಯೇ ಸಿಗುವುದಿಲ್ಲ, ಅದಕ್ಕೆ ಬದಲಾಗುವುದಿಲ್ಲ. ರೆಜೆಕ್ಸ್ ಅನ್ನುವ ಬೇರೆ ಮಾಡ್ಯೂಲ್ ಇದೆ, ಪೈಥಾನ್‌ನ ಪಿಪ್ ಅನ್ನುವ ಕಮಾಂಡ್‌ನಲ್ಲಿ ಹಾಕಿಕೊಳ್ಳಬಹುದು, ದುಡ್ಡಿಲ್ಲ. ಅದು ಗುಣಿತವನ್ನೂ ಪದದ ಭಾಗ ಅಂತಲೇ ನೋಡುತ್ತದೆ. ಅದನ್ನು ಹಾಕಿದ ಮೇಲೆ ಸರಿಹೋಯಿತು. ಇಷ್ಟಕ್ಕೆ ಎರಡು ರಾತ್ರಿ.

4. ಜನವರಿ 17: ಎರಡನೇ ಪ್ರತಿ, ಐದು ಪುಸ್ತಕ

ರೈಟರ್‌ನಲ್ಲಿ ಮಾಡಿದ್ದು ಮೊದಲನೇ ಪ್ರತಿ, ಪೈಥಾನ್‌ನಲ್ಲಿ ಪದ ಬದಲಿಸಿದ್ದು ಎರಡನೇದು. ಸಂಕ್ರಾಂತಿ ಕಳೆದು ಎರಡು ದಿನ ಕೂತು ಅದನ್ನು ಪೂರ್ತಿ ಓದಿದೆ. ಓದಲು ಚೆನ್ನಾಗಿತ್ತು. ಒಂದೇ ಪದ ಮತ್ತೆ ಮತ್ತೆ ಬರುವುದು ಬೇಡ ಅಂತ ಕೆಲವು ಕಡೆ "ತಪ್ಪು", ಕೆಲವು ಕಡೆ "ಲೋಪ", ಕೆಲವು ಕಡೆ "ತೊಡಕು" ಅಂತಲೂ ಹಾಕಿದ್ದೆ. ಶಾಲೆಯಲ್ಲಿ ಪ್ರಬಂಧಕ್ಕೆ ಹಾಗೇ ಕಲಿಸಿದ್ದರು, ಅದು ಪ್ರಬಂಧಕ್ಕೆ ಸರಿ. 46 ಪುಟ, ಪುಟಕ್ಕೆ 2 ರೂಪಾಯಿ, ಐದು ಪ್ರತಿ 460. ಸ್ಪೈರಲ್ ಬೈಂಡಿಂಗ್ 40ರಂತೆ 200. ಒಟ್ಟು 660 ರೂಪಾಯಿ. ಮೂರು ಅಂಗಡಿಗೆ ಕೊಟ್ಟೆ, ಎರಡು ನನ್ನ ಹತ್ತಿರ.

ಕೊಡುವ ಮೊದಲು ಅದರಲ್ಲಿರುವ ಒಂದು ಎರರ್ ಅನ್ನಾದರೂ ಪುಸ್ತಕ ನೋಡಿಕೊಂಡು ಸರಿ ಮಾಡಿ ನೋಡಲಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಇದು.

5. ಜನವರಿ 19ರಿಂದ 24: ಫೋನ್‌ಗಳು

ಮೊದಲು ಮದ್ದೂರಿನ ಹುಡುಗ. "ಅಣ್ಣ, ಒಳಬರಲು ಅನುಮತಿ ಇಲ್ಲ ಅಂತ ಪುಸ್ತಕದಲ್ಲದೆ, ನಮ್ ಸ್ಕ್ರೀನ್ ಮೇಲೆ ಅಂಥದ್ದೇನೂ ಬತ್ತಿಲ್ವಲ್ಲ. ಇಲ್ಲಿ ಆಕ್ಸೆಸ್ ಈಸ್ ಡಿನೈಡ್ ಅಂತದೆ." ಹಳೇ ಕೈಪಿಡಿಯಲ್ಲಿ ಇದು "ಪ್ರವೇಶ ನಿರಾಕರಿಸಲಾಗಿದೆ" ಅಂತ ಇತ್ತು, ನಾನು ಅದನ್ನೂ ಬದಲಿಸಿದ್ದೆ. ಸ್ಕ್ರೀನ್ ಮೇಲಿನ ಮಾತಿನಿಂದ ಎರಡು ಹೆಜ್ಜೆ ದೂರ. 80070005 ಅನ್ನೋ ಕೋಡ್ ಪುಸ್ತಕದಲ್ಲಿ ಇತ್ತು, ಆದರೆ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ. ಅವನ ಸ್ಕ್ರೀನ್ ಮೇಲೆ ಕೋಡ್ ಬಂದಿರಲೂ ಇಲ್ಲ.

ಮಾರನೇ ದಿನ ಮಂಡ್ಯದಲ್ಲೇ, ನೂರಡಿ ರಸ್ತೆಯ ಹತ್ತಿರದ ಅಂಗಡಿ. ಪ್ರಿಂಟ್ ಬೇರೆ ಪ್ರಿಂಟರ್‌ಗೆ ಹೋಗುತ್ತಿತ್ತು. ಪುಸ್ತಕದಲ್ಲಿ "ನಿಮ್ಮ ಪ್ರಿಂಟರ್ ಆರಿಸಿ, ಆಮೇಲೆ ಪ್ರಿಂಟ್ ಕೊಡಿ" ಅಂತ ಇತ್ತು. ಅವರು ಪ್ರಿಂಟರ್ ಸ್ವಿಚ್ ಆಫ್ ಮಾಡಿ, ಪ್ರಿಂಟ್ ಕೊಟ್ಟು, ಕಾಯುತ್ತಾ ಕೂತಿದ್ದರು. ದೀಪ ಆರಿಸು ಅನ್ನುವುದೂ ಆರಿಸು, ಅಕ್ಕಿ ಆರಿಸು ಅನ್ನುವುದೂ ಆರಿಸು. ಕರೆಂಟಿನ ಸಾಮಾನು ಎದುರಿಗಿರುವಾಗ ಜನರ ಕೈ ಸ್ವಿಚ್ಚಿಗೇ ಹೋಗುತ್ತದೆ. ಅವರ ತಪ್ಪೇನಿಲ್ಲ.

ಸ್ಪೂಲರ್ ಅಂದರೆ ಕೊಟ್ಟ ಪ್ರಿಂಟ್‌ಗಳನ್ನು ಸಾಲಾಗಿ ಇಟ್ಟುಕೊಂಡು ಪ್ರಿಂಟರ್‌ಗೆ ಕಳಿಸುವ ವಿಂಡೋಸ್‌ನ ಸರ್ವಿಸ್. ಅದರ ಪುಟದಲ್ಲಿ "ಪ್ರಿಂಟ್ ಸ್ಪೂಲರ್ ಸ್ಥಗಿತಗೊಳಿಸಿ" ಅಂತ ಇದ್ದದ್ದನ್ನು "ತಡೆಯಿರಿ" ಮಾಡಿದ್ದೆ. ಅದನ್ನು ಓದಿ ಸರ್ವಿಸಸ್‌ಗೆ ಹೋಗಿ ಸ್ಟಾಪ್ ಕೊಡುವ ಬದಲು, ಪ್ರಿಂಟರ್ ಕ್ಯೂನಲ್ಲಿ ಪಾಸ್ ಕೊಟ್ಟವರು ಇಬ್ಬರು. ಸರ್ವಿಸ್ ನಿಂತಿಲ್ಲ, ಹಾಗಾಗಿ ಸ್ಪೂಲ್ ಫೋಲ್ಡರ್ ಒಳಗಿನ ಫೈಲ್ ಅಳಿಸಲು ಹೋದರೆ ಬಳಕೆಯಲ್ಲಿದೆ ಅನ್ನುತ್ತದೆ. ಆ ಎರರ್‌ಗೆ ಪುಸ್ತಕದಲ್ಲಿ ಪುಟವೇ ಇಲ್ಲ.

ಇವೆಲ್ಲ ಹತ್ತು ನಿಮಿಷದ ತೊಂದರೆ. 24ನೇ ತಾರೀಖಿನದು ಹಾಗಲ್ಲ.

ಪಾಂಡವಪುರದ ಅಂಗಡಿ ಒಬ್ಬ ಅಕ್ಕನದು. ಸ್ಕ್ಯಾನ್ ಮಾಡಿದ್ದನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಡುತ್ತಾರೆ. ಪೆನ್‌ಡ್ರೈವ್ ತುಂಬಿ ಜಾಗ ಇಲ್ಲ ಅಂತ ಬಂತು. ಪುಸ್ತಕ ತೆಗೆದು ನೋಡಿದ್ದಾರೆ. ಹಳೇ ಕೈಪಿಡಿಯಲ್ಲಿ ಹೀಗಿತ್ತು: "ಫೋಲ್ಡರ್ ಅನ್ನು ತೆರೆಯಿರಿ. ಅನಗತ್ಯ ಕಡತಗಳನ್ನು ಅಳಿಸಿ." ನನ್ನ ಪುಸ್ತಕದಲ್ಲಿ: "ಫೋಲ್ಡರ್ ತೆಗೆಯಿರಿ. ಬೇಡದ ಫೈಲ್‌ಗಳನ್ನು ತೆಗೆಯಿರಿ."

ನಮ್ಮ ಕಡೆ ಬಾಗಿಲು ತೆಗೆ ಅಂದರೆ ತೆರೆ ಅಂತ, ಕಸ ತೆಗೆ ಅಂದರೆ ಅಲ್ಲಿಂದ ಇಲ್ಲವಾಗಿಸು ಅಂತ. ಜಾಗ ಇಲ್ಲ ಅನ್ನುವ ಪುಟದಲ್ಲಿ ಫೋಲ್ಡರ್ ತೆಗೆಯಿರಿ ಅಂದರೆ ಯಾರಾದರೂ ಏನು ಮಾಡುತ್ತಾರೆ? ಅಂಗಡಿಯ ಹುಡುಗ ಫೋಲ್ಡರ್ ಡಿಲೀಟ್ ಮಾಡಿದ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ. ಜನರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್‌ಗಳು, ಇನ್ನೂ ಅರ್ಜಿ ಹಾಕದೇ ಬಾಕಿ ಇದ್ದವೂ ಅದರಲ್ಲೇ ಇದ್ದವು.

ಅಕ್ಕ ಬೈಯಲಿಲ್ಲ. "ನೀವ್ ಬರ್ದಂಗೇ ಮಾಡಿದ್ದು ಕಣಣ್ಣ, ಈಗೇನ್ ಮಾಡದು?" ಅಂದರು. ಪೆನ್‌ಡ್ರೈವ್ ತಕ್ಷಣ ಕಿತ್ತಿಡಿ, ಅದಕ್ಕೆ ಇನ್ನೊಂದು ಅಕ್ಷರವನ್ನೂ ಹಾಕಬೇಡಿ ಅಂತ ಹೇಳಿ ಹೊರಟೆ.

6. ಜನವರಿ 24, 25: ಕಳೆದದ್ದನ್ನು ಎತ್ತುವುದು

ಫೋಟೊರೆಕ್ ಅನ್ನುವ ಸಾಫ್ಟ್‌ವೇರ್ ಬಳಸಿದೆ, ಉಚಿತ, ಟೆಸ್ಟ್‌ಡಿಸ್ಕ್ ಜೊತೆ ಬರುತ್ತದೆ. ಹಂತ ಇಷ್ಟು. ಮೊದಲು ಪೆನ್‌ಡ್ರೈವ್‌ನ ಪೂರ್ತಿ ನಕಲು ಇಮೇಜ್ ಲ್ಯಾಪ್‌ಟಾಪ್‌ಗೆ ತೆಗೆದುಕೊಂಡೆ, ಮೂಲದ ಮೇಲೆ ಕೆಲಸ ಮಾಡಲಿಲ್ಲ. ಫೋಟೊರೆಕ್‌ನಲ್ಲಿ ಪಿಡಿಎಫ್ ಮತ್ತು ಜೆಪಿಜಿ ಮಾತ್ರ ಹುಡುಕು ಅಂತ ಕೊಟ್ಟೆ. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ನಲ್ಲಿ ಇಡಿಸಿದೆ, ಅದೇ ಪೆನ್‌ಡ್ರೈವ್‌ಗೆ ಇಟ್ಟರೆ ಮಿಕ್ಕಿದ್ದರ ಮೇಲೆ ಬರೆದುಕೊಂಡುಬಿಡುತ್ತದೆ.

ಸುಮಾರು 260 ಫೈಲ್ ಇತ್ತು ಅಂತ ಅಕ್ಕನ ಅಂದಾಜು. 212 ಸಿಕ್ಕಿತು. ಫೋಟೊರೆಕ್ ಫೈಲ್‌ನ ಹೆಸರು ಉಳಿಸುವುದಿಲ್ಲ, ಎಲ್ಲಕ್ಕೂ ಎಫ್ ಅಕ್ಷರ ಮತ್ತು ಉದ್ದ ನಂಬರ್. ಒಂದೊಂದೇ ತೆರೆದು, ಯಾರದ್ದು ಅಂತ ಓದಿ, ಅಕ್ಕ ಹೇಳುತ್ತಾ ಹೋದರು, ನಾನು ಹೆಸರು ಹಾಕುತ್ತಾ ಹೋದೆ. ಭಾನುವಾರ ಪೂರ್ತಿ. ಬಾಕಿ ಇದ್ದ ಅರ್ಜಿಗಳಲ್ಲಿ ಮೂರು ಜನರ ಕಾಗದ ಸಿಗಲಿಲ್ಲ, ಅವರನ್ನು ಮತ್ತೆ ಕರೆಸಬೇಕಾಯಿತು. ಅದರಲ್ಲೊಬ್ಬರು ಕಬ್ಬು ಕಟಾವು ಬಿಟ್ಟು ಬಂದಿದ್ದರು. ಅವರ ಎದುರು ಕೂತು ಮತ್ತೆ ಸ್ಕ್ಯಾನ್ ಮಾಡಿಕೊಟ್ಟದ್ದು ನನಗೆ ಬಹಳ ದಿನ ನೆನಪಿರುತ್ತದೆ. ಸಿಕ್ಕಿದ್ದನ್ನೆಲ್ಲ ಅಕ್ಕನಿಗೆ ಕೊಟ್ಟ ಮೇಲೆ ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಇಮೇಜ್ ಅಳಿಸಿದೆ, ಬೇರೆಯವರ ಆಧಾರ್ ನನ್ನ ಹತ್ತಿರ ಇರಬಾರದು. ಹೊಸ ಪೆನ್‌ಡ್ರೈವ್ 350 ರೂಪಾಯಿ, ನಾನೇ ಕೊಟ್ಟೆ.

ವಾಪಸ್ ಬಂದು ಮೂರೂ ಅಂಗಡಿಯಿಂದ ಪುಸ್ತಕ ಹಿಂದಕ್ಕೆ ತೆಗೆದುಕೊಂಡೆ.

7. ಜನವರಿ 28ರಿಂದ 31: ಮೂರು ಪೆನ್ನು

ಒಂದು ಪ್ರತಿಯನ್ನು ಇಟ್ಟುಕೊಂಡು ಗೆರೆ ಎಳೆಯುತ್ತಾ ಹೋದೆ. ಸ್ಕ್ರೀನ್ ಮೇಲೆ ಕಾಣುವ ಮಾತಿಗೆಲ್ಲ ಕೆಂಪು. ಏನು ಮಾಡಬೇಕು ಅಂತ ಹೇಳುವ ಕ್ರಿಯಾಪದಕ್ಕೆ ನೀಲಿ. ಮಿಕ್ಕಿದ್ದಕ್ಕೆ ಹಸಿರು. ಮುಗಿದ ಮೇಲೆ ನೋಡಿದರೆ ಹಸಿರು ಬಹಳ ಕಡಿಮೆ. "ಆದರೆ", "ಹೀಗಾದಾಗ", "ಸಾಮಾನ್ಯವಾಗಿ" ಅಂಥವು. ನಾನು ನಿಶ್ಚಿಂತೆಯಿಂದ ಬದಲಿಸಬಹುದಾಗಿದ್ದದ್ದು ಅಷ್ಟೇ. ಮೂರು ವಾರ ಕೆಂಪಿಗೂ ನೀಲಿಗೂ ಕೈ ಹಾಕಿ ಕೂತಿದ್ದೆ.

ಕೆಂಪು ಪದ ಈಗ ಮುಟ್ಟುವುದಿಲ್ಲ. ಸ್ಕ್ರೀನ್‌ನಲ್ಲಿ ಇರುವ ಹಾಗೇ, ಅದೇ ಲಿಪಿಯಲ್ಲಿ, ದಪ್ಪ ಅಕ್ಷರದಲ್ಲಿ ಪುಟದ ತಲೆಯಲ್ಲಿ, ಪಕ್ಕದಲ್ಲೇ ಕನ್ನಡದಲ್ಲಿ ಉಚ್ಚಾರ. ಕೆಳಗೆ ಒಂದು ಸಾಲಿನಲ್ಲಿ ಅರ್ಥ. ಕೋಡ್ ಇದ್ದರೆ ಅದೂ ತಲೆಯಲ್ಲೇ.

ನೀಲಿಗೆ ಹದಿನಾಲ್ಕು ಕ್ರಿಯಾಪದದ ಪಟ್ಟಿ ಮಾಡಿದೆ. ಒಂದು ಕೆಲಸಕ್ಕೆ ಒಂದೇ ಮಾತು, ಒಂದು ಮಾತಿಗೆ ಒಂದೇ ಕೆಲಸ. ಓಪನ್ ಅನ್ನುವುದಕ್ಕೆ ಯಾವಾಗಲೂ "ತೆರೆಯಿರಿ". ಡಿಲೀಟ್‌ಗೆ "ಡಿಲೀಟ್ ಮಾಡಿ", ಹುಡುಗರು ಅದನ್ನೇ ಅನ್ನುವುದು. ಆಯ್ಕೆಗೆ "ಸೆಲೆಕ್ಟ್ ಮಾಡಿ". ಕರೆಂಟಿಗೆ "ಆಫ್ ಮಾಡಿ". ಮೌಸ್‌ಗೆ "ಕ್ಲಿಕ್ ಮಾಡಿ", ಕೀಲಿಗೂ ಮಿಷನ್ ಮೇಲಿನ ಗುಂಡಿಗೂ "ಒತ್ತಿ". ತೆಗೆ, ಆರಿಸು, ಹಾಕು, ಬಿಡು ಈ ನಾಲ್ಕಕ್ಕೆ ಪುಸ್ತಕದಲ್ಲಿ ಜಾಗವೇ ಇಲ್ಲ. ದಿನ ನಿತ್ಯ ನಾವು ಇವನ್ನು ಎಷ್ಟು ಕೆಲಸಕ್ಕೆ ಬಳಸುತ್ತೇವೆ ಅಂತ ಎಣಿಸಿ ನೋಡಿ, ಪಾಸ್‌ವರ್ಡ್ ಹಾಕಿ, ಬೀಗ ಹಾಕಿ, ಸ್ವಿಚ್ ಹಾಕಿ, ಫೈಲ್ ಪೆನ್‌ಡ್ರೈವ್‌ಗೆ ಹಾಕಿ. ಮಾತಿನಲ್ಲಿ ಎದುರಿಗೆ ಇರುವುದರಿಂದ ಗೊತ್ತಾಗುತ್ತದೆ, ಬರಹದಲ್ಲಿ ನಾನು ಅಲ್ಲಿರುವುದಿಲ್ಲ.

ವಿಮಾನ ರಿಪೇರಿಯ ಕೈಪಿಡಿಗಳಿಗೆ ಇಂಥದ್ದೇ ಕಟ್ಟುನಿಟ್ಟಿನ ಇಂಗ್ಲಿಷ್ ಇದೆ, ಎಎಸ್‌ಡಿ ಎಸ್‌ಟಿಇ 100 ಅಂತ ಅದರ ಹೆಸರು. ಅಲ್ಲಿ ಫಾಲೋ ಅನ್ನುವ ಪದಕ್ಕೆ ಹಿಂದೆ ಬರುವುದು ಅನ್ನುವ ಅರ್ಥ ಮಾತ್ರ, ಸೂಚನೆ ಪಾಲಿಸುವುದಕ್ಕೆ ಅದನ್ನು ಬಳಸುವ ಹಾಗಿಲ್ಲ. ಅದನ್ನು ಓದಿದ ಮೇಲೆ ನನ್ನ ಪಟ್ಟಿ ಬಗ್ಗೆ ಧೈರ್ಯ ಬಂತು.

"ದೋಷ", "ತಪ್ಪು" ಎರಡನ್ನೂ ಬಿಟ್ಟು "ಎರರ್" ಅಂತಲೇ ಉಳಿಸಿದೆ. ತಪ್ಪು ಅಂದರೆ ತಾವು ಏನೋ ಕೆಡಿಸಿದ್ದೇವೆ ಅಂತ ಅಂಗಡಿಯ ಹುಡುಗರು ಹೆದರುತ್ತಾರೆ, ಮಾಲೀಕರಿಗೆ ಹೇಳದೇ ಮುಚ್ಚಿಡುತ್ತಾರೆ. ಇಬ್ಬರು ನನಗೇ ಹಾಗೆ ಹೇಳಿದರು.

8. ಫೆಬ್ರವರಿ 1ರಿಂದ 10: ಮಿಷನ್ ಎದುರು ಕೂತು ಬರೆಯುವುದು

ಇಷ್ಟಾದ ಮೇಲೆ ಇನ್ನೊಂದು ವಿಷಯ ಕಾಣಿಸಿತು. ಕೆಂಪು, ನೀಲಿ ಎರಡೂ ಹಾಗೇ ಉಳಿದರೆ, ಇದು ಅವರದೇ ಪಠ್ಯ. ಹಸಿರು ಬದಲಿಸಿದ ಮಾತ್ರಕ್ಕೆ ನನ್ನದಾಗುವುದಿಲ್ಲ. ನಿಜ ಹೇಳಬೇಕೆಂದರೆ ಮೊದಲೂ ನನ್ನದಾಗಿರಲಿಲ್ಲ. ಎರರ್ ಕೋಡ್, ಅದರ ಪರಿಹಾರ ಯಾರ ಸ್ವತ್ತೂ ಅಲ್ಲ, ಆದರೆ ವಾಕ್ಯ ಕಟ್ಟಿದ ರೀತಿ, ಅನುಕ್ರಮ, ಉದಾಹರಣೆ ಅವರ ಶ್ರಮ. ಹಳೇ ಕೈಪಿಡಿಯನ್ನು ಬೀರುವಿನಲ್ಲಿಟ್ಟೆ. ಎರರ್‌ಗಳ ಪಟ್ಟಿಯೊಂದನ್ನು ಮಾತ್ರ ಎದುರಿಗೆ ಇಟ್ಟುಕೊಂಡು, ವಿಂಡೋಸ್ 10 ಇರುವ ಗುಜರಿ ಕಂಪ್ಯೂಟರ್‌ನಲ್ಲಿ ಒಂದೊಂದೇ ಎರರ್ ಬರಿಸಿ, ಸರಿ ಮಾಡಿ, ಮಾಡಿದ್ದನ್ನೇ ಬರೆದೆ.

ಎರರ್ ಬರಿಸುವುದು ಹೇಗೆ ಅಂತ ಕೇಳಿದರೆ: ನೆಟ್‌ವರ್ಕ್ ಪಾತ್ ಸಿಗಲಿಲ್ಲ ಅನ್ನುವ 80070035ಕ್ಕೆ ಲ್ಯಾನ್ ವೈರ್ ಕಿತ್ತೆ. ಜಾಗ ಇಲ್ಲ ಅನ್ನುವುದಕ್ಕೆ ಪೆನ್‌ಡ್ರೈವ್ ತುಂಬಿಸಿದೆ. ಬೆರಳಚ್ಚು (ಹೆಬ್ಬೆಟ್ಟು) ಸಾಧನವನ್ನು ಆಧಾರ್‌ಗೆ ಬಳಸಲು ಬೇಕಾದ ಸಾಫ್ಟ್‌ವೇರ್ ಆರ್‌ಡಿ ಸರ್ವಿಸ್, ಅದರ 720, ಅಂದರೆ ಸಾಧನ ಸಿದ್ಧವಿಲ್ಲ, ಅದಕ್ಕೆ ಯುಎಸ್‌ಬಿ ಕಿತ್ತೆ. 700ಕ್ಕೆ ಬೆರಳಿಡದೆ ಸುಮ್ನೆ ಕೂತೆ, ಸಮಯ ಮುಗಿದು ಬಂತು. ಸ್ಪೂಲರ್‌ಗೆ ಸರ್ವಿಸ್ ನಿಲ್ಲಿಸಿದೆ.

ಸರ್ಟಿಫಿಕೇಟ್ ಎರರ್, ಅಂದರೆ ಸೈಟ್ ಸುರಕ್ಷಿತವೋ ಅಲ್ಲವೋ ಅಂತ ಬ್ರೌಸರ್ ನೋಡುವಾಗ ಬರುವ ಎರರ್, ಅದರ ಬಗ್ಗೆ ಸ್ವಲ್ಪ ಹೇಳಬೇಕು, ನಮ್ಮ ಅಂಗಡಿಗಳಲ್ಲಿ ಬಹಳ. ರಾತ್ರಿ ಮೇನ್ ಆಫ್ ಮಾಡಿ ಹೋಗುತ್ತಾರೆ. ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿದ್ದರೆ ಬೆಳಿಗ್ಗೆ ತಾರೀಖು ಹಿಂದಕ್ಕೆ ಹೋಗಿರುತ್ತದೆ, ಆಗ ಯಾವ ಸೈಟೂ ತೆರೆಯುವುದಿಲ್ಲ. ಹಳೇ ಕೈಪಿಡಿ "ಸಂಪರ್ಕ ಖಾಸಗಿಯಾಗಿಲ್ಲ" ಅಂತ ಬರುತ್ತದೆ ಅಂದಿತ್ತು. ನಾನು ತಾರೀಖನ್ನು 2015ಕ್ಕೆ ಇಟ್ಟು ನೋಡಿದರೆ ಕ್ರೋಮ್‌ನಲ್ಲಿ ಬಂದದ್ದು ಯುವರ್ ಕ್ಲಾಕ್ ಈಸ್ ಬಿಹೈಂಡ್, ಗಡಿಯಾರ ಹಿಂದಿದೆ ಅಂತ. ಪರಿಹಾರ ಸ್ಕ್ರೀನೇ ಹೇಳುತ್ತಿದೆ! ತಾರೀಖು ಸರಿ ಮಾಡಿ, ಸಿಆರ್ 2032 ಸೆಲ್ ಬದಲಿಸಿ, 3 ವೋಲ್ಟ್, ಪ್ಲಸ್ ಗುರುತು ಮೇಲೆ. ಸೆಲ್ 40 ರೂಪಾಯಿ. ಪುಟದಲ್ಲಿ ಐದೇ ಸಾಲು ಆಯಿತು. ಹಳೇ ಕೈಪಿಡಿಯಲ್ಲಿ ಎರಡು ಪುಟ, ಸೆಲ್ ಮಾತೇ ಇಲ್ಲ.

ಹೀಗೆ ಮಾಡುವಾಗ ಏಳು ಎರರ್ ಬಿದ್ದೇ ಹೋದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಸೆಟ್ಟಿಂಗ್ ಬಗ್ಗೆ ನಾಲ್ಕು ಪುಟ ಇತ್ತು, ಅದನ್ನು ಮೈಕ್ರೋಸಾಫ್ಟ್ ನಿಲ್ಲಿಸಿದ್ದು 2022ರ ಜೂನ್‌ನಲ್ಲಿ. ವಿಂಡೋಸ್ 7 ಮಾತ್ರದ ಎರಡು, ಅದಕ್ಕೆ ಬೆಂಬಲ ಮುಗಿದದ್ದು 2020ರ ಜನವರಿಯಲ್ಲಿ. ಇವನ್ನೆಲ್ಲ ನಾನು ಎರಡನೇ ಪ್ರತಿಯಲ್ಲಿ ಶ್ರದ್ಧೆಯಿಂದ ಪದ ಬದಲಿಸಿ ಇಟ್ಟಿದ್ದೆ. ಪದದ ಮೇಲೇ ಕಣ್ಣಿದ್ದಾಗ ಒಳಗಿನ ಹಂತ ಸತ್ತಿರುವುದು ಕಾಣಲಿಲ್ಲ. ಹೊಸದಾಗಿ ನಾಲ್ಕು ಸೇರಿ ಈಗ 35 ಎರರ್, 38 ಪುಟ.

9. ಫೆಬ್ರವರಿ 11ರಿಂದ 15: ಸಮಾನಾರ್ಥಕ ಪದಗಳಿಗೆ ಸಿಕ್ಕ ಜಾಗ

112 ಸಾಲಿನ ಪಟ್ಟಿ ದಂಡವಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಶ್ರೀರಂಗಪಟ್ಟಣದಿಂದ ಫೋನ್. "ಸಾ, ಪ್ರಿಂಟು ಒಳಗೇ ಕೂತ್ಬುಟ್ಟದೆ, ಏನ್ ಮಾಡ್ಲಿ?" ನಾನು ಬರೆಯುತ್ತಿದ್ದ ಹೊಸ ಪುಸ್ತಕದಲ್ಲಿ ಆ ಪುಟದ ತಲೆಬರಹ ಪ್ರಿಂಟ್ ಸ್ಪೂಲರ್. ಅವರಿಗೆ ಸ್ಪೂಲರ್ ಅನ್ನುವ ಹೆಸರು ಯಾಕೆ ಗೊತ್ತಿರಬೇಕು? ಸ್ಕ್ರೀನ್ ಮೇಲೂ ಏನೂ ಬಂದಿಲ್ಲ, ಪ್ರಿಂಟ್ ಬರುತ್ತಿಲ್ಲ ಅಷ್ಟೇ.

ಬೇರೆ ಬೇರೆ ಮಾತು ಬೇಕಾಗಿದ್ದು ಇಲ್ಲಿ. ಪರಿಹಾರದ ಹಂತಗಳಲ್ಲಿ ಅಲ್ಲ, ಪುಸ್ತಕದ ಬಾಗಿಲಲ್ಲಿ.

ಒಂಬತ್ತೂ ಅಂಗಡಿಗೆ ಫೋನ್ ಮಾಡಿ, ಕೆಲವು ಕಡೆ ಹೋಗಿ, ಇಂಥ ತೊಂದರೆ ಬಂದರೆ ನೀವು ಏನಂತೀರಿ ಅಂತ ಕೇಳಿ ಅವರ ಬಾಯಿಂದ ಬಂದ ಹಾಗೇ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ತಿದ್ದಲಿಲ್ಲ. ಸ್ಪೂಲರ್ ಒಂದಕ್ಕೇ: ಪ್ರಿಂಟು ಬತ್ತಿಲ್ಲ, ಒಳಗೇ ಕೂತದೆ, ಕೊಟ್ಟಿದ್ದು ಹೋಯ್ತಿಲ್ಲ, ಕ್ಯೂನಲ್ಲಿ ನಿಂತದೆ, ಹಳೇದೇ ಬತ್ತದೆ. ಹ್ಯಾಂಗ್ ಆಗುವುದಕ್ಕೆ: ಅಲ್ಲಾಡ್ತಿಲ್ಲ, ಸುತ್ತುತಾನೇ ಅದೆ, ಗರ ಬಡ್ದಂಗೆ ನಿಂತದೆ, ಬೆಳ್ಳಗಾಗೋಯ್ತು. ಗಡಿಯಾರದ ಎರರ್‌ಗೆ: ಸೈಟು ಸೇಫಿಲ್ಲ ಅಂತದೆ, ಯಾವ್ದೂ ಓಪನ್ನಾಗಲ್ಲ, ಕೆಂಪು ತ್ರಿಕೋಣ. ಬೆರಳಚ್ಚಿಗೆ: ತಂಬ್ ತಗೋತಿಲ್ಲ, ಲೈಟೇ ಬತ್ತಿಲ್ಲ, ಅಜ್ಜಿ ಬೆರಳು ಹಿಡೀತಿಲ್ಲ.

ಒಟ್ಟು 143 ಮಾತು. ಕ್ಯಾಲ್ಕ್‌ನಲ್ಲಿ ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದರ ಎದುರು ಪುಟ ಸಂಖ್ಯೆ, ಪುಸ್ತಕದ ಮೊದಲ ನಾಲ್ಕು ಪುಟ ಇದೇ. ನನಗೆ ಈ ಪೂರ್ತಿ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ.

ಇಲ್ಲೂ ಒಂದು ತಪ್ಪಾಯಿತು. "ಬತ್ತಿಲ್ಲ" ಅಂತ ಶುರುವಿನಲ್ಲಿ ಬರೆದುಕೊಂಡ ಮಾತುಗಳೆಲ್ಲ ಬ ಅಕ್ಷರದಡಿ ಗುಂಪಾಗಿ, ಹುಡುಕುವವರಿಗೆ ಕಷ್ಟವಾಯಿತು. ಮೊದಲು ಸಾಮಾನಿನ ಹೆಸರು, ಆಮೇಲೆ ತೊಂದರೆ ಅಂತ ತಿರುಗಿಸಿದೆ. ಪ್ರಿಂಟು, ಬತ್ತಿಲ್ಲ. ತಂಬು, ಬತ್ತಿಲ್ಲ. ಒಂದು ಸಂಜೆ ಹೋಯಿತು.

10. ಫೆಬ್ರವರಿ 17ರಿಂದ 19: ಹಿಂದೆ ಕೂತು ನೋಡುವುದು

ಒಂದೇ ಪ್ರತಿ ಕಪ್ಪು ಬಿಳುಪಿನಲ್ಲಿ ತೆಗೆದೆ, 76 ರೂಪಾಯಿ. ಮೂರು ಅಂಗಡಿ, ಪ್ರತಿಯೊಂದರಲ್ಲೂ ನಾನೇ ನಾಲ್ಕು ತೊಂದರೆ ಮಾಡಿಟ್ಟು, ಪುಸ್ತಕ ಕೊಟ್ಟು, ಹಿಂದೆ ಬಾಯಿ ಮುಚ್ಚಿ ಕೂತೆ. ಬಾಯಿ ಮುಚ್ಚಿ ಕೂರುವುದು ನಿಜಕ್ಕೂ ಕಷ್ಟ, ಹತ್ತು ಸಲ ಹೇಳಲು ಹೋಗಿ ತಡೆದುಕೊಂಡೆ. 12ರಲ್ಲಿ 9 ಅವರೇ ಸರಿ ಮಾಡಿದರು. ಎರಡನೇ ಪ್ರತಿಗೆ ಈ ಪರೀಕ್ಷೆ ಮಾಡಿರಲಿಲ್ಲವಾದ್ದರಿಂದ ಹೋಲಿಸಲು ಅಂಕಿ ಇಲ್ಲ.

ನಿಂತ ಮೂರರಲ್ಲಿ ಒಂದು, "ರನ್ ಆಸ್ ಅಡ್ಮಿನಿಸ್ಟ್ರೇಟರ್" ಎಲ್ಲಿ ಬರುತ್ತದೆ ಅಂತ ಬರೆದಿರಲಿಲ್ಲ, ರೈಟ್ ಕ್ಲಿಕ್ ಅನ್ನುವ ಹಂತವೇ ಬಿಟ್ಟುಹೋಗಿತ್ತು. ಇನ್ನೊಂದು, ಚಿತ್ರ ಕಪ್ಪು ಬಿಳುಪಿನಲ್ಲಿ ಕೆಂಪು, ಹಳದಿ ತ್ರಿಕೋಣ ಎರಡೂ ಒಂದೇ ತರಹ ಕಂಡಿತು, ಹನ್ನೆರಡು ಪುಟ ಬಣ್ಣದಲ್ಲಿ ತೆಗೆಯಲೇಬೇಕಾಯಿತು. ಮೂರನೆಯದು ಬೆರಳಚ್ಚಿನದು, ಅದರ ಕಥೆ ಕೊನೆಗೆ.

11. ಫೆಬ್ರವರಿ 21, 22: ಪ್ರಿಂಟ್ ಮತ್ತು ಲೆಕ್ಕ

26 ಪುಟ ಕಪ್ಪು ಬಿಳುಪು 52 ರೂಪಾಯಿ, 12 ಪುಟ ಬಣ್ಣ 10ರಂತೆ 120, ಬೈಂಡಿಂಗ್ 40. ಪುಸ್ತಕಕ್ಕೆ 212, ಒಂಬತ್ತಕ್ಕೆ 1,908. ಬಿಸಾಡಿದ ಐದು ಪ್ರತಿ 660, ಪರೀಕ್ಷೆ ಪ್ರತಿ 76, ಪೆಟ್ರೋಲ್ ಮತ್ತು ಬಸ್ಸು ಸೇರಿ 900, ಪೆನ್‌ಡ್ರೈವ್ 350, ಸೆಲ್ 40, ಪೆನ್ನು 30. ಒಟ್ಟು 3,964 ರೂಪಾಯಿ. ಗುಜರಿ ಕಂಪ್ಯೂಟರ್ ನನ್ನ ಹತ್ತಿರವೇ ಇತ್ತು. ಬಣ್ಣದ ಪುಟಕ್ಕೆ ಲ್ಯಾಮಿನೇಷನ್ ಮಾಡಿಸಿ ಅಂತ ಇಬ್ಬರು ಕೇಳಿದ್ದಾರೆ, ಸದ್ಯಕ್ಕೆ ಆಗುವುದಿಲ್ಲ.

ಇನ್ನೂ ನಿಂತಿರುವುದು 31ನೇ ಪುಟ. ಬೆರಳಚ್ಚಿನ 720 ಒಂದೇ ನಂಬರ್, ಆದರೆ ಒಂಬತ್ತು ಅಂಗಡಿಯಲ್ಲಿ ನಾಲ್ಕು ತರಹದ ಸಾಧನ ಇದೆ, ನಾಲ್ಕರಲ್ಲೂ ಸ್ಕ್ರೀನ್ ಮೇಲಿನ ಮಾತು ಬೇರೆ ಬೇರೆ. ಒಂದರಲ್ಲಂತೂ ನಂಬರೇ ತೋರಿಸದೆ ಸಣ್ಣ ಚೌಕ ಮಾತ್ರ ಬರುತ್ತದೆ. ಸ್ಕ್ರೀನ್ ಮಾತನ್ನು ಹಾಗೇ ಇಡಬೇಕು ಅನ್ನುವುದಾದರೆ ಒಂದು ಪುಟಕ್ಕೆ ನಾಲ್ಕು ತಲೆಬರಹ ಬೇಕು. ಎರಡರ ಫೋಟೋ ತೆಗೆದುಕೊಂಡಿದ್ದೇನೆ. ಮಿಕ್ಕ ಎರಡಕ್ಕೆ ಬರುವ ಶನಿವಾರ ಮದ್ದೂರಿಗೆ ಹೋಗಬೇಕು, ಯುಎಸ್‌ಬಿ ಕೀಳಲು ಅಂಗಡಿ ಖಾಲಿ ಇರುವ ಹೊತ್ತು ಬೇಕು, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಬನ್ನಿ ಅಂದಿದ್ದಾರೆ.